ಫಾರಂ ತುಂಬದವರನ್ನು ಹುಡುಕಿಕೊಂಡು ಹೋಗು

ಚಿ. ಪುಟ್ಟಿಗೆ,

ದುರ್ಗದಿಂದ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ನಾವೆಲ್ಲ ಆರಾಮ ಇದ್ದೇವೆ. ದೊಡ್ಡಮ್ಮನ ಮಂಡಿನೋವು ಈಗ ಪರವಾಗಿಲ್ಲ.

ನೀನು ಕಳಿಸಿದ ಪ್ರಶ್ನಾವಳಿಯನ್ನು ಸಮಾಧಾನವಾಗಿ ಕೂತು ಓದಿದೆ. ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಎಂ.ಎ., ಎಂ.ಎಸ್ಸಿ., ಎಂ.ಕಾಂ. ಓದುವವರನ್ನೂ ಪಿಎಚ್‌ಡಿ ಮಾಡುವವರನ್ನೂ ಇಲ್ಲಿ ನಿಮ್ಮ ಓದು ಹೇಗೆ ನಡೀತಿದೆ, ಬದುಕು ಹೇಗಿದೆ ಅಂತ ಕೇಳಲು ಹೊರಟಿದ್ದೀಯ. ತುಂಬಾ ಸಂತೋಷವಾಯಿತು. ಆದರೆ ವಿಭಾಗದ ಮುಖ್ಯಸ್ಥರಿಗೆ (ಎಚ್‌ಒಡಿ) ಹೇಳಿ ಪ್ರತಿ ವಿಭಾಗದ ವಾಟ್ಸಾಪ್ ಗ್ರೂಪಿಗೆ ಲಿಂಕ್ ಹಾಕಿಸಿದರೆ ವಾರದಲ್ಲಿ ಮುಗಿಯುತ್ತದೆ ಅಂದೆಯಲ್ಲ, ಅಲ್ಲೇ ನನಗೆ ಯೋಚನೆ ಹತ್ತಿತು. ನನ್ನ ನೌಕರಿ ಪೂರ್ತಿ ಸರ್ವೆ ಕೆಲಸದಲ್ಲೇ ಕಳೆಯಿತು. ಅದಕ್ಕೇ ಫೋನಿನಲ್ಲಿ ಹೇಳದೆ ಬಿಡಿಸಿ ಬರೆಯುತ್ತಿದ್ದೇನೆ.

ಎಚ್‌ಒಡಿ ಹಾಕಿದ ಲಿಂಕನ್ನು ಹುಡುಗರು ಎಚ್‌ಒಡಿಯ ಫಾರಂ ಅಂತಲೇ ನೋಡುತ್ತಾರೆ. ಇಂಟರ್ನಲ್ ಮಾರ್ಕ್ಸ್ ಕೊಡುವವರು ಅವರು. ಇನ್ನು ಪಿಎಚ್‌ಡಿ ಮಾಡುವವರಿಗೆ ಗೈಡ್ ಸಹಿ ಇಲ್ಲದೆ ಒಂದು ಕಾಗದವೂ ಮುಂದೆ ಹೋಗುವುದಿಲ್ಲ. ಯಾರು ತಾನೇ ಬಾಯಿ ಬಿಡುತ್ತಾರೆ? ಜಗಳೂರು ಕಡೆ ಮನೆ ಮನೆ ಸರ್ವೆಗೆ ಹೋದಾಗ ಒಂದು ಮನೆಯ ಜಗುಲಿ ಮೇಲೆ ಸೊಸೆ ಕೂತು ಉತ್ತರ ಹೇಳುತ್ತಿದ್ದಳು. ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತೆ ನಿಂತಿದ್ದರು. ನೀರು ಸಾಲುತ್ತಾ, ಹುಷಾರಿಲ್ಲದಾಗ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರಾ, ಎಲ್ಲದಕ್ಕೂ "ಏನೂ ತೊಂದ್ರೆ ಇಲ್ಲ ಸಾರ್" ಅಂದಳು. ಅಷ್ಟರಲ್ಲಿ ಹಿತ್ತಿಲಲ್ಲಿ ಎಮ್ಮೆ ಕೂಗಿತು ಅಂತ ಅತ್ತೆ ಆ ಕಡೆ ಹೋದರು. ಸೊಸೆ ದನಿ ತಗ್ಗಿಸಿ, ನನ್ನ ಕೈಯಲ್ಲಿದ್ದ ಪೆನ್ನು ನೋಡುತ್ತಾ, "ಆಸ್ಪತ್ರೆದು ಬರ್ಕೊಂಡು ಬಿಟ್ರಾ ಸಾರ್?" ಅಂತ ಕೇಳಿದಳು. ಆಮೇಲೆ ಹೇಳಿದ್ದೇ ಬೇರೆ. ಪ್ರಶ್ನೆ ಅದೇ, ಕೇಳಿದವನೂ ನಾನೇ. ನಿನ್ನ ಸರ್ವೆಯಲ್ಲಿ ಆ ಬಾಗಿಲಲ್ಲಿ ಯಾರೂ ನಿಂತಿರಬಾರದು ಪುಟ್ಟಿ. ಲಿಂಕನ್ನು ನೀನೇ ಹಾಕು. ಹಾಸ್ಟೆಲ್‌ನಲ್ಲಿ, ಲೈಬ್ರರಿ ಬಾಗಿಲಲ್ಲಿ, ಬಸ್‌ಸ್ಟಾಪಿನಲ್ಲಿ ನಿನ್ನ ಓರಗೆಯವರ ಕೈಯಿಂದ ಹೋಗಲಿ.

ಹೆಸರು ಕೇಳಿಲ್ಲವಲ್ಲ ದೊಡ್ಡಪ್ಪ, ಮತ್ತೆ ಭಯ ಯಾಕೆ ಅನ್ನುತ್ತೀಯ. ನೀನು ಕೇಳಿರುವುದನ್ನು ಒಮ್ಮೆ ಜೋಡಿಸಿ ನೋಡು. ವಿಭಾಗ, ಯಾವ ವರ್ಷ, ಗಂಡೋ ಹೆಣ್ಣೋ, ಮೀಸಲಾತಿ ವರ್ಗ, ತಾಲೂಕು, ಗೈಡ್ ಹೆಸರು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಹತ್ತಿರ ಒಂದು ಸಮಯಕ್ಕೆ ಹೆಚ್ಚೆಂದರೆ 8 ಜನ, ಅಸೋಸಿಯೇಟ್ ಪ್ರೊಫೆಸರ್ ಹತ್ತಿರ 6, ಅಸಿಸ್ಟೆಂಟ್ ಪ್ರೊಫೆಸರ್ ಹತ್ತಿರ 4 ಜನ ಪಿಎಚ್‌ಡಿ ಮಾಡಬಹುದು. ಆ ನಾಲ್ವರಲ್ಲಿ ನ್ಯಾಮತಿ ಕಡೆಯ ಹುಡುಗಿ ಎಷ್ಟು ಜನ ಇರುತ್ತಾರೆ? ಒಬ್ಬಳು. ಹೆಸರು ಬರೆಸಿಕೊಂಡ ಹಾಗೇ ಆಯಿತಲ್ಲ! ಗೈಡ್ ಹೆಸರು ತೆಗೆದುಹಾಕು. ತಾಲೂಕು ಬೇಡ, ದಿನಾ ಊರಿಂದ ಓಡಾಡುತ್ತೀರಾ, ಹಾಸ್ಟೆಲ್ಲಾ, ರೂಮಾ ಅಂತ ಕೇಳಿದರೆ ಸಾಕು. ವಿಭಾಗಗಳನ್ನು ಕಲೆ, ವಿಜ್ಞಾನ, ವಾಣಿಜ್ಯ ಅಂತ ಒಟ್ಟು ಮಾಡು. ವರದಿ ಬರೆಯುವಾಗ ಐದು ಜನರೂ ಇಲ್ಲದ ಗುಂಪಿನ ಲೆಕ್ಕವನ್ನು ಬೇರೆಯಾಗಿ ತೋರಿಸಬೇಡ. ಗೂಗಲ್ ಫಾರಂನಲ್ಲಿ ಇಮೇಲ್ ತೆಗೆದುಕೊಳ್ಳುವುದನ್ನು ಆಫ್ ಮಾಡು. ಒಬ್ಬರಿಗೆ ಒಂದೇ ಸಲ ಅನ್ನುವ ಆಯ್ಕೆಯೂ ಬೇಡ. ಅದನ್ನು ಹಾಕಿದರೆ ಲಾಗಿನ್ ಕೇಳುತ್ತದೆ, ತಮ್ಮ ಜಿಮೇಲ್ ಐಡಿ ಮೇಲ್ಗಡೆ ಕಂಡ ಕೂಡಲೇ, ಅದು ನಿನಗೆ ಬರದಿದ್ದರೂ, ಅರ್ಧ ಜನ ಮುಚ್ಚಿಬಿಡುತ್ತಾರೆ. ಯಾರೋ ಒಬ್ಬರು ಎರಡು ಸಲ ತುಂಬಿದರೆ ತುಂಬಲಿ ಬಿಡು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ವಿಷಯ. ಒಂದು ಅಗುಳು ಹಿಸುಕಿದರೆ ಅನ್ನ ಬೆಂದಿದೆಯೋ ಇಲ್ಲವೋ ಗೊತ್ತಾಗುತ್ತದೆ ಅನ್ನುತ್ತಾರಲ್ಲ, ಅದು ನಿಜ. ಆದರೆ ತಳ ಸೀದಿದ್ದರೆ ಮೇಲಿನ ಅಗುಳು ಅದನ್ನು ಹೇಳುವುದಿಲ್ಲ. ಲಿಂಕ್ ನೋಡಿದ ಕೂಡಲೇ ಫಾರಂ ತುಂಬುವವರು ಯಾರು? ಕ್ಯಾಂಪಸ್‌ನಲ್ಲೇ ಇರುವವರು, ಕೈಯಲ್ಲಿ ಡೇಟಾ ಇರುವವರು, ಮೇಷ್ಟ್ರಿಗೆ ಬೇಕಾದವರು. ಕ್ಲಾಸ್ ಮುಗಿದ ಕೂಡಲೇ ಬಟ್ಟೆ ಅಂಗಡಿ ಕೆಲಸಕ್ಕೆ ಓಡುವ ಹುಡುಗ, ಎರಡು ಬಸ್ ಬದಲಿಸಿ ಬರುವವಳು, ಮದುವೆಯಾಗಿ ಮಗು ಆದಮೇಲೆ ವಿಭಾಗದ ಕಡೆ ತಲೆ ಹಾಕದ ಸ್ಕಾಲರ್, ಇವರ್ಯಾರೂ ತುಂಬುವುದಿಲ್ಲ. ನಿನಗೆ ಬೇಕಾದವರು ಅವರೇ ಅಲ್ವಾ?

ಫಾರಂ ಜಾಸ್ತಿ ಬಂದರೆ ಸರಿಹೋಗುತ್ತದೆ ಅಂತ ತಿಳಿಯಬೇಡ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಮುಂಚೆ ಸುಮಾರು ಒಂದು ಕೋಟಿ ಜನಕ್ಕೆ ಚೀಟಿ ಕಳಿಸಿತು. 20 ಲಕ್ಷಕ್ಕೂ ಜಾಸ್ತಿ ವಾಪಸ್ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆದರು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ಕಳಿಸಿದ ವಿಳಾಸಗಳೂ ಹೆಚ್ಚಾಗಿ ಫೋನು, ಕಾರು ಇದ್ದವರವು, ವಾಪಸ್ ಕಳಿಸಿದವರೂ ಒಂದೇ ಕಡೆ ವಾಲಿದ್ದವರು. ಅದಕ್ಕೇ ಹಾಜರಿ ಪಟ್ಟಿ ಇಟ್ಟುಕೊಂಡು ಪ್ರತಿ ನಾಲ್ಕನೆಯ ಹೆಸರು ಆರಿಸು, ಆರಿಸಿದವರ ಬೆನ್ನು ಬಿಡಬೇಡ. ನೂರು ಜನ ಸಿಕ್ಕರೂ ಪರವಾಗಿಲ್ಲ. ಇವರಿಗೆ ಕಾಗದದ ಫಾರಂ ಕೊಟ್ಟು, ಮಡಚಿ ಬೀಗ ಹಾಕಿದ ಡಬ್ಬಕ್ಕೆ ಹಾಕಿಸು. ಯಾರು ಹಾಕಿದರು ಅನ್ನುವ ಟಿಕ್ ಬೇರೆ ನೋಟ್‌ಬುಕ್‌ನಲ್ಲಿ ಇರಲಿ. ಫಾರಂ ಮೇಲೆ ನಂಬರ್, ಗುರುತು ಏನೂ ಬೇಡ. ಬರದೇ ಹೋದವರು ಎಷ್ಟು, ಯಾಕೆ ಬರಲಿಲ್ಲ ಅನ್ನುವುದನ್ನೂ ವರದಿಯಲ್ಲಿ ಬರಿ.

ಪ್ರಶ್ನೆಗಳು ನಲವತ್ತು ದಾಟಿವೆ, ಕಡಿಮೆ ಮಾಡು. ಕಾಲೇಜು, ವಿಶ್ವವಿದ್ಯಾಲಯಗಳ ಮೌಲ್ಯಮಾಪನ ಮಾಡುವ ನ್ಯಾಕ್‌ನವರ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯಲ್ಲೇ ಟಿಕ್ ಹಾಕುವ ಪ್ರಶ್ನೆ 20, ಕೊನೆಗೆ ಬರೆಯುವುದು ಒಂದು. "ಗ್ರಂಥಾಲಯ ಮತ್ತು ಹಾಸ್ಟೆಲ್ ಸೌಲಭ್ಯಗಳು ತೃಪ್ತಿಕರವಾಗಿವೆಯೇ?" ಅಂತ ಕೇಳಿದ್ದೀಯ. ಲೈಬ್ರರಿ ಚೆನ್ನಾಗಿದ್ದು ಹಾಸ್ಟೆಲ್ ಊಟ ಕೆಟ್ಟಿದ್ದರೆ ಅವನು ಎಲ್ಲಿ ಟಿಕ್ ಹಾಕಬೇಕು? ಬೇರೆ ಬೇರೆ ಮಾಡು. "ಮಾರ್ಗದರ್ಶನದ ಗುಣಮಟ್ಟ" ಅಂತ ಬೇಡ, "ಕಳೆದ ಒಂದು ತಿಂಗಳಲ್ಲಿ ಗೈಡ್ ನಿಮ್ಮ ಜೊತೆ ಕೂತು ನಿಮ್ಮ ಬರವಣಿಗೆ ಬಗ್ಗೆ ಎಷ್ಟು ಸಲ ಮಾತಾಡಿದರು?" ಅಂತ ಕೇಳು. ಸ್ಕಾಲರ್‌ಶಿಪ್ ದುಡ್ಡು ಖಾತೆಗೆ ಬಂದಿದ್ದು ಯಾವ ತಿಂಗಳು? ಕನ್ನಡ ಮೀಡಿಯಂನಿಂದ ಬಂದವರಿಗೆ ಕ್ಲಾಸಿನಲ್ಲಿ ಇಂಗ್ಲಿಷ್‌ನಲ್ಲಿ ಹೇಳಿದ್ದು ಎಷ್ಟು ತಲೆಗೆ ಹತ್ತುತ್ತದೆ? ಇಂಥವು ಬೇಕು. ಪಿಎಚ್‌ಡಿ ಮಾಡುವ ಹೆಣ್ಣುಮಕ್ಕಳಿಗೆ 240 ದಿನದವರೆಗೆ ಹೆರಿಗೆ ಅಥವಾ ಮಕ್ಕಳ ಆರೈಕೆ ರಜೆ ಸಿಗಬಹುದು, ಮುಗಿಸಲು ಎರಡು ವರ್ಷ ಜಾಸ್ತಿ ಸಮಯ ಕೇಳಬಹುದು. 2022ರ ಅದೇ ನಿಯಮದಲ್ಲಿದೆ. ಇದನ್ನು ನಿಮಗೆ ಯಾರಾದರೂ ಹೇಳಿದ್ದಾರಾ ಅಂತ ಒಂದು ಪ್ರಶ್ನೆ ಹಾಕು. ಗೊತ್ತಿಲ್ಲದವರಿಗೆ ಆ ಪ್ರಶ್ನೆಯಿಂದಲೇ ಗೊತ್ತಾಗಲಿ.

ಮನಸ್ಸಿನ ಸ್ಥಿತಿ ಬಗ್ಗೆ ಕೇಳುವ ಭಾಗವನ್ನು ನಿನ್ನ ಗೈಡ್ ಬಿಡು ಅಂದರಂತೆ. ಬಿಡಬೇಡ, ಅವರಿಗೆ ತಿಳಿಸಿ ಹೇಳು. 2019ರಲ್ಲಿ ನೇಚರ್ ಪತ್ರಿಕೆಯವರು ಹಲವು ದೇಶಗಳ 6,000ಕ್ಕೂ ಹೆಚ್ಚು ಪಿಎಚ್‌ಡಿ ವಿದ್ಯಾರ್ಥಿಗಳನ್ನು ಕೇಳಿದಾಗ ಶೇ 36 ಜನ ಪಿಎಚ್‌ಡಿಯಿಂದಲೇ ಆದ ಆತಂಕಕ್ಕೋ ಖಿನ್ನತೆಗೋ ನೆರವು ಹುಡುಕಿದ್ದೆವು ಅಂದರು. ಅವರೂ ತಾವಾಗಿ ಮುಂದೆ ಬಂದು ಉತ್ತರಿಸಿದವರೇ, ಹಾಗಾಗಿ ಆ ಅಂಕಿಯನ್ನು ಎಲ್ಲರಿಗೂ ಹಚ್ಚಬೇಡ. ಆದರೆ ಕೇಳಬೇಕಾದ ಮಾತು ಅನ್ನುವುದಕ್ಕೆ ಅಷ್ಟು ಸಾಕು. ಕೇಳಿದ ಮೇಲೆ ಸುಮ್ನೆ ಬಿಟ್ಟು ಬರಬಾರದು. ಫಾರಂ ಕೊನೆಗೆ ಮನಸ್ಸಿನ ತೊಂದರೆಗೆ ನೆರವು ಕೊಡುವ ಟೆಲಿ ಮಾನಸ್ ಸಹಾಯವಾಣಿ ನಂಬರ್ 14416 ದಪ್ಪ ಅಕ್ಷರದಲ್ಲಿ ಹಾಕು. ಅದು ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಯಾರಾದರೂ ಲೈಂಗಿಕ ಕಿರುಕುಳದ ಬಗ್ಗೆ ಬರೆದರೆ ನೀನೇ ವಿಚಾರಣೆಗೆ ಇಳಿಯಬೇಡ. ಅದಕ್ಕೆ ಆಂತರಿಕ ದೂರು ಸಮಿತಿ ಇರಬೇಕು ಅಂತ ಕಾನೂನೇ ಇದೆ. ಅದರ ವಿವರವೂ ಆ ಹಾಳೆಯಲ್ಲೇ ಇರಲಿ.

ಎಲ್ಲ ಮುಗಿದ ಮೇಲೆ ಏನು ಗೊತ್ತಾಯಿತು ಅಂತ ಒಂದೇ ಪುಟದಲ್ಲಿ, ಕನ್ನಡದಲ್ಲಿ ಬರೆದು ಹಾಸ್ಟೆಲ್ ನೋಟಿಸ್ ಬೋರ್ಡಿಗೆ ಅಂಟಿಸು. ಉತ್ತರ ಕೊಟ್ಟವರು ಮೊದಲು ಓದಬೇಕು, ಬೈಂಡ್ ಮಾಡಿದ ಪ್ರತಿ ಆಮೇಲೆ.

ಪರೀಕ್ಷೆ ಹತ್ತಿರ, ಫೀಸ್ ಕಟ್ಟುವ ವಾರದಲ್ಲಿ ಶುರು ಮಾಡಬೇಡ. ಮೊದಲು ನಿನ್ನ ರೂಮಿನ ಹುಡುಗಿಯರ ಕೈಲಿ ತುಂಬಿಸಿ, ಎಲ್ಲಿ ತಡವರಿಸುತ್ತಾರೆ ಅಂತ ಪಕ್ಕದಲ್ಲಿ ಕೂತು ನೋಡು. ಅಲ್ಲೆಲ್ಲ ತಿದ್ದಿ ಒಂದು ಪ್ರಿಂಟ್ ತೆಗೆದುಕೊಂಡು ಭಾನುವಾರ ಬಾ. ಮತ್ತೊಂದು ಸಲ ಕೂತು ನೋಡೋಣ.

ಇಂತಿ ನಿನ್ನ,
ದೊಡ್ಡಪ್ಪ