ಚರ್ಚ್ ಬಾಗಿಲು ಹಾಕಿದ ಪಾದ್ರಿ

ಮಾನ್ಯರೇ,

ಕೋವಿಡ್ ಕಾಲದಲ್ಲಿ, 2020ರ ಈಸ್ಟರ್‌ಗೆ ಚರ್ಚ್ ಬಾಗಿಲು ಹಾಕಿದ್ದು ವಿಶ್ವಾಸದ ಕೊರತೆಯಿಂದ ಎಂದು ದೂರುವವರು ನಮ್ಮ ಸಭೆಗಳಲ್ಲಿ ಈಗಲೂ ಸಿಗುತ್ತಾರೆ. ಅವರಿಗೆ ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯ ಈಮ್ ಎಂಬ ಹಳ್ಳಿಯ ಸಂಗತಿ ಹೇಳಬೇಕು.

1665ರಲ್ಲಿ ಆ ಊರಿಗೆ ಪ್ಲೇಗ್ ಬಂತು. ಮರುವರ್ಷ ಬೇಸಿಗೆಯಲ್ಲಿ ಅದು ಮತ್ತೆ ಜೋರಾದಾಗ, ಯಾರೂ ಊರು ಬಿಟ್ಟು ಹೋಗಬಾರದೆಂದು ಪಾದ್ರಿ ವಿಲಿಯಂ ಮಾಂಪೆಸನ್ ಜನರನ್ನು ಒಪ್ಪಿಸಿದರು. ಅವರು ಊರಿಗೆ ಹೊಸಬರು. ಹಾಗಾಗಿ ಹುದ್ದೆ ಕಳೆದುಕೊಂಡಿದ್ದ ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿಯವರ ಬೆಂಬಲ ಬೇಕಾಯಿತು. ಪಂಥಭೇದ ಬದಿಗಿಟ್ಟು ಇಬ್ಬರೂ ಜೊತೆಗೆ ನಿಂತರು. ಚರ್ಚ್ ಮುಚ್ಚಿತು, ಆರಾಧನೆ ಬಯಲಿಗೆ ಬಂತು, ಕುಟುಂಬಗಳು ದೂರ ದೂರ ನಿಂತು ಪ್ರಾರ್ಥಿಸಿದವು. ಸೋಂಕು ಹರಡದಿರಲೆಂದು ಗಡಿಕಲ್ಲಿನ ಗುಳಿಗಳಲ್ಲಿ ವಿನೆಗರ್ ತುಂಬಿ ನಾಣ್ಯ ಹಾಕಿಟ್ಟರೆ, ಹೊರಗಿನವರು ದಿನಸಿ ಇಟ್ಟುಹೋಗುತ್ತಿದ್ದರು. ಸತ್ತವರನ್ನು ಮನೆಯವರೇ ಹಿತ್ತಲಲ್ಲೋ ಹೊಲದಲ್ಲೋ ಮಣ್ಣು ಮಾಡಬೇಕಿತ್ತು. ಸುಮಾರು 260 ಮಂದಿ ತೀರಿಕೊಂಡರು, ಪಾದ್ರಿಯ ಪತ್ನಿ ಕ್ಯಾಥರೀನ್ ಕೂಡ. (ತಮ್ಮ ಮಕ್ಕಳನ್ನು ಮಾತ್ರ ಮಾಂಪೆಸನ್ ಮೊದಲೇ ಬೇರೆಡೆ ಕಳಿಸಿದ್ದರು. ಅದು ನನಗೂ ಸರಿ ಕಾಣುವುದಿಲ್ಲ.)

ದೇವರಿದ್ದಾನೆ, ಎಲ್ಲರೂ ಬನ್ನಿ ಎಂದು ಕರೆಯುವುದು ಸುಲಭ. ಬರಬೇಡಿ ಎಂದು ಹೇಳಿ, ಸಾಯುವವರ ಜೊತೆ ತಾನು ಅಲ್ಲೇ ಉಳಿಯುವುದಕ್ಕೆ ಎದೆಗಾರಿಕೆ ಬೇಕು. ನಮ್ಮ ಕರಾವಳಿಯದೇ ಉದಾಹರಣೆ ಬೇಕೆಂದರೆ, ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1902ರಲ್ಲಿ ಪ್ಲೇಗ್ ರೋಗಿಗಳಿಗೆಂದೇ ಆಸ್ಪತ್ರೆ ತೆರೆದರು. ಭಾನುವಾರದ ಧರ್ಮೋಪದೇಶ ತರಗತಿಗಳಲ್ಲಿ ಮಕ್ಕಳಿಗೆ ಇವನ್ನೂ ಹೇಳಿಕೊಡಲಿ.

– ಓದುಗ, ಉಡುಪಿ