ಪ್ರಬಂಧದ ಅಂಕಕ್ಕೊಂದು ಮಾನದಂಡ ಇರಲಿ

ಮಾನ್ಯ ಸಂಪಾದಕರೇ,

ಪದವಿ ತರಗತಿಯ ಬರವಣಿಗೆ ಕೋರ್ಸಿನಲ್ಲಿ ನನ್ನ ಮಗಳು ಆಲೆಮನೆಯ ಕುರಿತು ಬರೆದ ಪ್ರಬಂಧಕ್ಕೆ 10ಕ್ಕೆ 6 ಅಂಕ ಬಂದಿತ್ತು. ಕೆಂಪು ಶಾಯಿ ಸುತ್ತಿದ್ದು ‘ಘಮ’ವನ್ನು ‘ಗಮ’ ಎಂದು ಬರೆದಂತಹ ಕಾಗುಣಿತದ ತಪ್ಪುಗಳನ್ನು ಮಾತ್ರ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಬಣ್ಣ ಬದಲಿಸುವುದನ್ನು ಅವಳು ಅರ್ಧ ಪುಟ ವರ್ಣಿಸಿದ್ದರ ಪಕ್ಕದಲ್ಲಿ ಒಂದು ಗೀಟೂ ಇರಲಿಲ್ಲ. ಕೊನೆಯಲ್ಲಿ ‘ಇನ್ನೂ ಸುಧಾರಿಸಬೇಕು’ ಎಂಬ ಷರಾ. ಏನನ್ನು ಸುಧಾರಿಸಬೇಕೆಂದು ಅವಳಿಗೂ ತಿಳಿಯಲಿಲ್ಲ, ಜೀವನವಿಡೀ ಲೆಕ್ಕಪತ್ರ ತಿದ್ದಿದ ನನಗೂ ತಿಳಿಯಲಿಲ್ಲ.

ವಿದೇಶಕ್ಕೆ ಓದಲು ಹೊರಟವರು ಬರೆಯುವ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿ ಪ್ರಬಂಧವನ್ನು ಕೇಳಿದ್ದಕ್ಕೆ ಉತ್ತರಿಸಿದ ಬಗೆ, ವಿಚಾರಗಳ ಜೋಡಣೆ, ಪದಸಂಪತ್ತು, ವ್ಯಾಕರಣ ಎಂಬ 4 ಅಂಶಗಳಲ್ಲಿ ಅಳೆದು ಎಲ್ಲಕ್ಕೂ ಸಮಾನ ತೂಕ ಕೊಡುತ್ತಾರೆ. ಯಾವ ಮಟ್ಟದ ಬರಹಕ್ಕೆ ಎಷ್ಟು ಅಂಕ ಎಂಬ ವಿವರಣೆಯೂ ಮೊದಲೇ ಎಲ್ಲರಿಗೂ ಲಭ್ಯ. ಹೀಗೆ ಅಳೆದರೆ ಬರವಣಿಗೆ ಒಂದೇ ಅಚ್ಚಿಗೆ ಬೀಳುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೂ ಅಧ್ಯಾಪಕರು ಕಾಗುಣಿತಕ್ಕೆಷ್ಟು, ವಿಚಾರಕ್ಕೆಷ್ಟು ಎಂಬುದನ್ನು ಬರೆಸುವ ಮುನ್ನವೇ ತಿಳಿಸಿ ಅಂಕಗಳನ್ನು ಬಿಡಿಬಿಡಿಯಾಗಿ ಹಾಕಲಿ. ತಿದ್ದಿದ ಪ್ರತಿಯನ್ನು ನೋಡಿಕೊಂಡು ಇನ್ನೊಮ್ಮೆ ಬರೆಯುವ ಅವಕಾಶವನ್ನೂ ಕೊಡಲಿ.

– ಒಬ್ಬ ಪೋಷಕ, ಮಂಡ್ಯ