13 ಬದಿಯ ಬಿಲ್ಲೆ: ಚಿತ್ರ ದೊಡ್ಡದಾಗಿ ಅಚ್ಚಾಗಲಿ

ಮಾನ್ಯರೇ,

ಗಣಿತದ ಸಂಶೋಧನೆಗೆ ನಮ್ಮ ಪತ್ರಿಕೆಗಳಲ್ಲಿ ಜಾಗ ಸಿಗುವುದು ಯಾರಿಗಾದರೂ ಪ್ರಶಸ್ತಿ ಬಂದಾಗ ಮಾತ್ರ. 2023ರ ‘ಟೋಪಿ’ ಎಂಬ ಬಿಲ್ಲೆಯ ಸುದ್ದಿಯೂ ಹೀಗೇ ಮೂಲೆಗುಂಪಾಯಿತು. ಈ 13 ಬದಿಯ ಆಕಾರವನ್ನು ಗುರುತಿಸಿದವರು ಇಂಗ್ಲೆಂಡಿನ ಡೇವಿಡ್ ಸ್ಮಿತ್, ನಿವೃತ್ತ ಮುದ್ರಣ ತಂತ್ರಜ್ಞ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಕ್ರೇಗ್ ಕಪ್ಲಾನ್ ಮತ್ತಿಬ್ಬರು ಜೊತೆಗೂಡಿ ಅದರ ಗುಣಕ್ಕೆ ಗಣಿತದ ಪುರಾವೆ ಬರೆದರು. ಈ ಒಂದೇ ಬಿಲ್ಲೆಯಿಂದ ಎಷ್ಟು ದೊಡ್ಡ ನೆಲವನ್ನಾದರೂ ಸಂದಿಲ್ಲದೆ ಮುಚ್ಚಬಹುದು. ಆದರೆ ರಂಗೋಲಿಯ ಎಳೆಯಂತೆ ಒಂದೇ ವಿನ್ಯಾಸ ಸಾಲಾಗಿ ಮರುಕಳಿಸುವುದೇ ಇಲ್ಲ! 1970ರ ದಶಕದಲ್ಲಿ ಇಂಗ್ಲೆಂಡಿನ ಗಣಿತಜ್ಞ ರೋಜರ್ ಪೆನ್‌ರೋಸ್ ಅವರಿಗೆ ಇದಕ್ಕೆ ಎರಡು ಬಿಲ್ಲೆ ಬೇಕಾಗಿದ್ದವು.

ಹಳೇ ಲಗ್ನಪತ್ರಿಕೆಗಳಲ್ಲಿ ಟೋಪಿ ಕತ್ತರಿಸಿ ಮೊಮ್ಮಗಳೊಂದಿಗೆ ಜೋಡಿಸಿದೆ. ನಡುನಡುವೆ ಕೆಲವನ್ನು ಬೋರಲು ಹಾಕದೆ ಕೂರುವುದಿಲ್ಲ. ಖಾಲಿ ಬಿಳಿಯ ನಡುವೆ ಸುಮಾರು ಏಳಕ್ಕೊಂದರಂತೆ ಗಣಪತಿಯ ಸೊಂಡಿಲೋ ‘ಸುಖಾಗಮನ ಬಯಸುವ’ವರ ಹೆಸರೋ ಇಣುಕುತ್ತಿತ್ತು. ಬೋರಲು ಹಾಕುವ ಈ ತಕರಾರನ್ನೂ ಅದೇ ತಂಡ ಸುಮಾರು ಎರಡು ತಿಂಗಳಲ್ಲಿ ‘ಸ್ಪೆಕ್ಟರ್’ ಎಂಬ ಇನ್ನೊಂದು ಆಕಾರದಿಂದ ಬಗೆಹರಿಸಿತು.

ಇದು ಬರೀ ಆಟವಲ್ಲ. ಹೀಗೆ ಮರುಕಳಿಸದ ಪರಮಾಣುಗಳ ಜೋಡಣೆಯನ್ನು 1982ರಲ್ಲಿ ಅಲ್ಯೂಮಿನಿಯಂ-ಮ್ಯಾಂಗನೀಸ್ ಮಿಶ್ರಲೋಹದಲ್ಲಿ ಕಂಡ ಇಸ್ರೇಲಿನ ವಿಜ್ಞಾನಿ ಡಾನ್ ಶೆಕ್ಟ್‌ಮನ್ ಮೊದಲು ಗೇಲಿಗೊಳಗಾದರು, 2011ರಲ್ಲಿ ನೊಬೆಲ್ ಪಡೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ 1980ರ ದಶಕದಿಂದ ಈ ‘ಅರೆಸ್ಫಟಿಕ’ಗಳ ಕೆಲಸ ನಡೆದಿದೆ.

ಇಂಥ ಸುದ್ದಿ ಹಾಕುವಾಗ ಆಕಾರವನ್ನು ಅಂಗೈಯಗಲ ಅಚ್ಚು ಹಾಕಿಸಿ. ಅಂಚೆಚೀಟಿ ಗಾತ್ರದ ಚಿತ್ರಕ್ಕೆ ಮಕ್ಕಳ ಕತ್ತರಿ ಆಡುವುದಿಲ್ಲ.

– ನಿವೃತ್ತ ಗಣಿತ ಶಿಕ್ಷಕ, ಸಾಗರ